ಬೇಲಿಯಾಚೆ ಒಂದು ಸಾಲು ಹುರುಳಿ

ಹಿಂದೆ ಹಿಂದೆ, ನಿಮ್ಮ ಮುತ್ತಜ್ಜಂಗೂ ಹಾಲುಹಲ್ಲು ಮೂಡದೆ ಇದ್ದ ಒಂದಾನೊಂದು ಕಾಲದಲ್ಲಿ, ಕಾಡಿಗೆ ಅಂಟ್ಕೊಂಡಂಗೆ ಒಂದು ಹೊಲ ಇತ್ತಂತೆ, ಆ ಹೊಲದಲ್ಲಿ ಜಡೇಮಾದ ಅಂತ ಒಬ್ಬ ಹುರುಳಿ ಬೆಳೀತಿದ್ನಂತೆ. ಅವನಿಗೆ ಸಣ್ಣತಾಯಿ ಅಂತ ಒಬ್ಬಳೇ ಮಗಳು, ನಿನಗಿಂತ ಒಂದು ಗೇಣು ಎತ್ತರ ಇದ್ಲೇನೋ, ಅವ್ವ ಇಲ್ಲದ ಮಗು. ಊಂ ಅಂತಿರು ಕಂದ, ನೀನು ಊಂ ಅನ್ನದಿದ್ರೆ ಕತೆ ಅಲ್ಲೇ ನಿಂತೋಗುತ್ತೆ.

ಒಂದಿನ ಸಣ್ಣತಾಯಿ ಸೌದೆಗೆ ಹೋದವಳು ಸೌದೆ ಮರೆತು ಒಂದು ಜಿಂಕೆ ಮರೀನ ಎದೆಗೆ ಅವಚ್ಕೊಂಡು ಓಡಿ ಬಂದ್ಳಂತೆ. ಜಡೇಮಾದ ನೋಡಿ, ಏನವ್ವ ಇದು, ಹೊಲ ಮೇಯೋ ಕಳ್ಳನ್ನ ಮನೆಗೇ ಕರ್ಕೊಂಡ್ ಬಂದ್ಯಲ್ಲ ಅಂದ್ನಂತೆ. ಇದಕ್ಕೆ ಅವ್ವ ಇಲ್ಲ ಕಣಪ್ಪ, ಅವ್ವನ್ನ ಸೀಳುನಾಯಿಗಳು ಹಿಡ್ಕೊಂಡ್ವು ಅಂದ್ಳಂತೆ. ಅವನು ಸೀದಾ ಎದ್ದೋಗಿ ಮೇಕೆ ಹಾಲು ಕರ್ಕೊಂಡು ಬಂದ್ನಂತೆ.

ಮರೀಗೆ ಚುಕ್ಕಿ ಅಂತ ಹೆಸರಿಟ್ರಂತೆ. ಹಾಲು ಬಿಡೋ ಹೊತ್ತಿಗೆ ಮೇವಿಂದೇ ಕಷ್ಟ ಆಗೋಯ್ತಂತೆ. ಮೊದಲು ರಾಗಿ ಹುಲ್ಲು ಹಾಕಿದ್ಲು, ಮೂತಿ ತಿರುಗಿಸ್ತಂತೆ. ಆಮೇಲೆ ಲಕ್ಕಿ ಸೊಪ್ಪು ತಂದ್ಲು, ಮೂಸಿ ಮೂಸಿ ಸೀನ್ತಂತೆ. ಆಮೇಲೆ ಹುರುಳಿ ಬಳ್ಳೀನೇ ಕಿತ್ಕೊಂಡು ಬಂದ್ಲು ನೋಡು, ತುದಿಯ ಎಳೆ ಚಿಗುರನ್ನಷ್ಟೇ ಕಟಕ್ ಕಟಕ್ ಅಂತ ತಿಂದು ಇನ್ನೂ ಬೇಕು ಅಂತ ಕೈ ನೆಕ್ತಂತೆ. ನಿನ್ನ ಮಗಳು ನಿನ್ನಂಗೇ, ಒಳ್ಳೇದು ಆರಿಸ್ಕೊಂಡು ತಿಂತಾಳೆ ಅಂತ ಅಪ್ಪ ನಕ್ಕನಂತೆ. ಆಮೇಲೆ ಚುಕ್ಕಿ ಹಿಂದೆ ಹಿಂದೆನೇ ಕಾಡು ಸುತ್ತಿ ಸಣ್ಣತಾಯಿ ಎಲ್ಲಾನೂ ಕಲಿತ್ಲಂತೆ. ಮಳೆ ಬಿದ್ರೆ ಗರಿಕೆ ಬೇಕು, ಬಿಸಿಲು ಬಂದ್ರೆ ಉದುರಿದ ಮುತ್ತುಗದ ಹೂವು ಬೇಕು, ಚಳಿಗೆ ಕೋತಿಗಳು ಅರ್ಧ ಕಚ್ಚಿ ಬಿಸಾಕಿದ ನೆಲ್ಲಿಕಾಯಿ ಬೇಕು. ಹುರುಳಿ ಮಾತ್ರ ಯಾವತ್ತೂ ಬೇಕು.

ಆಮೇಲೆ ಚುಕ್ಕಿ ದೊಡ್ಡದಾಯ್ತಂತೆ, ಕಾಡಿನ ಹಿಂಡು ಸೇರ್ತಂತೆ, ಅದಕ್ಕೂ ಒಂದು ಮರಿ ಆಯ್ತಂತೆ. ಆ ವರ್ಷ ಹಿಂಡೆಲ್ಲಾ ಹೊಲಕ್ಕೆ ನುಗ್ತು ಅಂತ ಜಡೇಮಾದ ಸುತ್ತ ಮುಳ್ಳಿನ ಬೇಲಿ ಕಟ್ಟಿದ್ನಂತೆ. ಚುಕ್ಕೀಗೆ ಅದರ ಜನ ಸಿಕ್ಕಾಯ್ತು, ಇನ್ನು ಬಿಟ್ಬಿಡವ್ವ ಅಂದ್ನಂತೆ. ಊಂ ಅಂದ್ಳಂತೆ. ಆದ್ರೆ ಬಿಡ್ತಾಳಾ ಅವಳು? ದಿನಾ ಸಂಜೆ ಬೇಲೀಲಿ ಒಂದು ಮುಳ್ಳುಕೊಂಬೆ ಪಕ್ಕಕ್ಕೆ ಸರಿಸಿ, ಅಲ್ಲಿ ಒಂದು ಹಿಡಿ ಹುರುಳಿಕಾಯಿ ಇಟ್ಟು ಕಾಯ್ತಾ ಕೂರೋಳಂತೆ. ಚುಕ್ಕಿ ಬಂದು ತಿಂದು, ಅವಳ ಕೈ ನೆಕ್ಕಿ ಹೋಗೋದಂತೆ. ಅಪ್ಪಂಗೆ ಹೇಳಲಿಲ್ಲ, ಬೈತಾನೆ ಅಂತ.

ಅಪ್ಪ ಒಂದಿನ ಬೇಲಿ ಸಂದು ನೋಡಿದ್ನಂತೆ. ಹಂದಿ ದಾರಿ ಮಾಡ್ಕೊಂಡಿದೆ ಅಂದ್ಕೊಂಡು ಅಲ್ಲಿಗೇ ಸೊಪ್ಪಿನ ಮರೇಲಿ ಹಗ್ಗದ ಕುಣಿಕೆ ಕಟ್ಟಿದ್ನಂತೆ. ಮಗಳಿಗೆ ಹೇಳಲಿಲ್ಲ, ಹಂದೀಗೂ ಅವ್ವ ಇರ್ತಾಳೆ ಅಂತ ಅಳ್ತಾ ಕೂರ್ತಾಳೆ ಅಂತ.

ಅವತ್ತು ಸಣ್ಣತಾಯಿ ಅವಸರದಲ್ಲಿ ಕಾಯಿ ಇಟ್ಟು, ಒಲೆ ಮೇಲೆ ಸಾರು ಉಕ್ಕುತ್ತೆ ಅಂತ ಮನೆಗೆ ಓಡಿದ್ಲಂತೆ. ವಾಪಸ್ ಬಂದು ನೋಡ್ತಾಳೆ, ಚುಕ್ಕಿ ಬೇಲಿ ಸಂದೀಲಿ ಮಲಗಿದೆ. ಕುತ್ತಿಗೇಲಿ ಹಗ್ಗ, ಬಾಯಲ್ಲಿ ಅರ್ಧ ಅಗಿದ ಹುರುಳಿಕಾಯಿ. ಬೇಲಿ ಆಚೆ ಮರಿ ನಿಂತಿದೆ.

ಜಡೇಮಾದ ಓಡಿ ಬಂದು ನೆಲಕ್ಕೆ ಕೂತ್ಬಿಟ್ನಂತೆ. ಹಂದಿ ಅಂದ್ಕೊಂಡೆ ಕಣವ್ವ, ಹಂದಿ ಅಂದ್ಕೊಂಡೆ ಅಂತ ಅದನ್ನೇ ಹೇಳ್ತಿದ್ನಂತೆ. ಮುಳ್ಳು ಸರಿಸಿದ್ದು ನಾನಪ್ಪ ಅಂದ್ಳಂತೆ ಅವಳು. ಆಮೇಲೆ ಇಬ್ರೂ ಸೇರಿ ನೆಲ್ಲಿ ಮರದ ಕೆಳಗೆ ಗುಂಡಿ ತೋಡಿದ್ರಂತೆ, ಯಾರೂ ಯಾರನ್ನೂ ಬೈಲಿಲ್ಲವಂತೆ.

ಮರಿ ಮಾತ್ರ ಅಲ್ಲಿಂದ ಕದಲಲೇ ಇಲ್ಲವಂತೆ. ಮೊದಲನೇ ದಿನ ಸಣ್ಣತಾಯಿ ನೆಲ್ಲಿಕಾಯಿ ತಗೊಂಡು ಹೋದ್ಲು, ಹಾರಿ ಓಡ್ತಂತೆ. ಎರಡನೇ ದಿನ ಎಳೇ ಗರಿಕೆ ತಗೊಂಡು ಹೋದ್ಲು, ದೂರದಿಂದ ನೋಡ್ತು, ಬರಲಿಲ್ಲ. ಮೂರನೇ ದಿನ ಹುರುಳಿ ಚಿಗುರು ಹಿಡ್ಕೊಂಡು ಕೈ ಚಾಚಿ ಹೊತ್ತು ಮುಳುಗೋವರೆಗೂ ನಿಂತ್ಲು, ಊಹೂಂ. ಇದು ಹಿಂಗೇ ಹಸ್ಕೊಂಡು ಸತ್ತೋಗುತ್ತಪ್ಪ ಅಂತ ಅವತ್ತು ಅತ್ಲಂತೆ.

ಆಗ ಜಡೇಮಾದ ಮಗಳ ಕೈ ಹಿಡ್ಕೊಂಡು, ಹುರುಳಿ ಬೇಡ ಅಂತಲ್ಲ ಅದಕ್ಕೆ, ಈ ಕೈಯ ವಾಸನೆ ಬೇಡ ಕಣವ್ವ ಅಂದ್ನಂತೆ. ಬೆಳಗಾಗ್ತಿದ್ದಂಗೆ ಕಾಡಿನ ಕಡೆ ಬೇಲಿ ಕಿತ್ತು ಒಂದು ಸಾಲು ಒಳಕ್ಕೆ ತಂದು ಕಟ್ಟಿದ್ನಂತೆ. ಒಂದು ಸಾಲು ಹುರುಳಿ ಪೂರ್ತಿ ಆಚೆ ಉಳೀತು. ಆಮೇಲೆ ಇಬ್ರೂ ದೂರದಲ್ಲಿದ್ದ ಹೊಲ ಕಾಯೋ ಅಟ್ಟಣೆ ಹತ್ತಿ ಕೂತ್ರಂತೆ. ಸಂಜೆಗೆ ಮರಿ ಬಂತಂತೆ, ಮೂಸ್ತು, ತಲೆ ಎತ್ತಿ ನೋಡ್ತು, ಮತ್ತೆ ಮೂಸ್ತು, ಆಮೇಲೆ ಕಟಕ್ ಅಂತ ಒಂದು ಚಿಗುರು ಕಚ್ತಂತೆ. ಸಣ್ಣತಾಯಿ ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತಿದ್ಲಂತೆ, ಎಲ್ಲಿ ಓಡಿ ಹೋಗಿ ಮುಟ್ಟಿಬಿಡ್ತೀನೋ ಅಂತ.

ಅವತ್ತಿಂದ ಆ ಮನೇಲಿ ಪ್ರತಿ ವರ್ಷ ಮೊದಲು ಬಿತ್ತೋದೇ ಬೇಲಿಯಾಚೆ ಸಾಲಂತೆ. ಸಣ್ಣತಾಯಿ ಮುದುಕಿ ಆದ್ಮೇಲೂ ಬಿತ್ತಿದ್ಲಂತೆ, ಮೊಮ್ಮಕ್ಕಳನ್ನ ಅಟ್ಟಣೆ ಮೇಲೆ ಕೂರಿಸ್ಕೊಂಡು, ಕೈ ತೊಡೆ ಕೆಳಗೆ ಇಟ್ಕೊಳ್ಳಿ ಅನ್ನೋಳಂತೆ.

ಮರಿ ಹೊಟ್ಟೆ ತುಂಬ್ತು, ನನ್ನ ಕತೇನೂ ಮುಗೀತು. ಅಳಬೇಡ ಕಂದ, ಕಣ್ಣು ಮುಚ್ಚು. ಅದು ಮೇಯ್ತಾ ಇದೆ.