ರಟ್ಟಿನ ಕೀಬೋರ್ಡು

ಹೊದ್ದ ಬಟ್ಟೆ ತೆಗೆಯದೆ, ಒಂದು ದಿನವೂ ದುಡಿಯದೆ ಮುದಿಯಾದದ್ದು ಯಾವುದು? ನಿಮಗೆ ಹೊಳೆಯೋದಿಲ್ಲ ಬಿಡಿ. ನಮ್ಮ ಶಾಲೆಯ ಹತ್ತು ಕಂಪ್ಯೂಟರು!

ಹಾಳಾದಾವೆಂದು ಹೆಡ್ಮಾಸ್ಟರು ಅವಕ್ಕೆ ಬೀಗ ಜಡಿದಿದ್ದರು. ಅತಿಥಿ ಶಿಕ್ಷಕಿ ಇಂದುಮತಿ ಟೀಚರು ಆರು ವರ್ಷ ರಟ್ಟಿನ ಮೇಲೆ ಕೀಬೋರ್ಡು ಬರೆದೇ ನಮಗೆ ಟೈಪಿಂಗ್ ಕಲಿಸಿದರು.

ಒಂದು ದಿನ ತಪಾಸಣೆಯ ಸಾಹೇಬರು ಗುಡುಗಿದರು: "ಮಕ್ಕಳು ಟೈಪ್ ಮಾಡೋದು ತೋರಿಸಮ್ಮ. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಹೆಡ್ಮಾಸ್ಟರಿಗೆ ಬೀಗದ ಕೈ ಎಲ್ಲಿದೆಯೆಂದೇ ನೆನಪಿಲ್ಲ. ಟೀಚರು ನಮಗೆ ಕಣ್ಸನ್ನೆ ಮಾಡಿದರು. ನಾವು ರಟ್ಟು ತೆಗೆದು ಪಟಪಟ ಕುಟ್ಟಿದೆವು.

"ಏನೂ ಕಾಣ್ತಿಲ್ಲವಲ್ಲ!" ಎಂದರು ಸಾಹೇಬರು.

"ಕಂಪ್ಯೂಟರು ದಿನಾ ಓಡುತ್ತೆ ಅಂತ ಪ್ರತಿವರ್ಷ ನೀವೇ ವರದಿ ಬರೆದಿದ್ದೀರಿ, ಸಾರ್. ಅದು ಕಂಡ ಕಣ್ಣಿಗೆ ಇದೂ ಕಾಣುತ್ತೆ" ಎಂದರು ಟೀಚರು.

ಸಾಹೇಬರು ನಾಚಿ ಬೀಗ ಒಡೆಸಿದರು. ಟೀಚರ ಕೆಲಸ ಉಳಿಯಿತು.

ಈ ಕೊನೆ ನನ್ನ ಬುರುಡೆ. ಟೀಚರು ಮರುದಿನದಿಂದ ಬರಲಿಲ್ಲ. ರಟ್ಟಿನ ಮೇಲೆ ಅವರ ಹೆಸರು ಈಗಲೂ ಕುಟ್ಟುತ್ತೇನೆ. ಏನೂ ಕಾಣೋದಿಲ್ಲ.