ಇಬ್ಬರೂ ಗೆದ್ದ ದಿಣ್ಣೆ

ಅಂಕಲದುರ್ಗದಿಂದ ಮರಡಿಕೋಟೆಗೆ ಹೋಗುವ ಬಸ್ಸು ಅರ್ಧ ದಾರಿಯಲ್ಲಿ ಒಂದು ಬೋಳು ದಿಣ್ಣೆಯ ಬಳಿ ನಿಲ್ಲುತ್ತದೆ. ಅಲ್ಲಿ ತಂಗುದಾಣವಿಲ್ಲ. ಒಂದು ಜಾಲಿಮರವಿದೆ, ಅದರ ನೆರಳಿನ ಮೇಲೆ ಕುರಿಗಳಿಗೂ ಪ್ರಯಾಣಿಕರಿಗೂ ಸಮಾನ ಹಕ್ಕು. ದಿಣ್ಣೆ ಏರಿದರೆ ಪೂರ್ವಕ್ಕೆ ಅಂಕಲದುರ್ಗದ ಕುಸಿದ ಕೋಟೆ, ಪಶ್ಚಿಮಕ್ಕೆ ಮರಡಿಕೋಟೆಯ ಅಷ್ಟೇ ಕುಸಿದ ಕೋಟೆ ಕಾಣುತ್ತವೆ. ನಡುವಿನ ಬಯಲಲ್ಲಿ ಗಾಳಿಯಂತ್ರಗಳು ಯಾರ ಪಕ್ಷವನ್ನೂ ವಹಿಸದೆ ತಮ್ಮಷ್ಟಕ್ಕೆ ತಿರುಗುತ್ತಿರುತ್ತವೆ. ಸರ್ಕಾರದ ಲೆಕ್ಕದಲ್ಲಿ ಈ ಜಾಗ ಬರೀ ಒಂದು ಸರ್ವೆ ನಂಬರು. ಜನರ ಬಾಯಲ್ಲಿ ಇಬ್ಬರೂ ಗೆದ್ದ ದಿಣ್ಣೆ. ಈ ಹೆಸರು ಬಂದ ಬಗೆಯನ್ನು ಎರಡೂ ಊರಿನ ಹಿರಿಯರು ಒಂದೇ ರೀತಿಯಲ್ಲಿ ಹೇಳುತ್ತಾರೆ. ಆ ಎರಡು ಊರುಗಳು ಒಪ್ಪುವ ಸಂಗತಿ ಅದೊಂದೇ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಅಂಕಲದುರ್ಗವನ್ನು ಸಿರಿಯವ್ವ ನಾಗತಿ ಆಳುತ್ತಿದ್ದಳು. ಗಂಡ ತೀರಿಕೊಂಡಾಗ ಮಗ ಕೆಂಚನಾಯಕ ತೊಟ್ಟಿಲಲ್ಲಿದ್ದ. ಅವನ ಮೀಸೆ ಚಿಗುರುವವರೆಗೂ ರಾಜ್ಯ ನಡೆಸಿ, ಒಂದು ಯುಗಾದಿಗೆ ಗದ್ದುಗೆಯನ್ನು ಅವನಿಗೆ ಬಿಟ್ಟುಕೊಟ್ಟು, ಇನ್ನಾದರೂ ನೆಮ್ಮದಿಯಾಗಿ ಉಣ್ಣೋಣ ಎಂದುಕೊಂಡಳು. ಆದರೆ ಮರಡಿಕೋಟೆಯ ಜೊತೆಗಿನ ಪೈಪೋಟಿಯೂ ಗದ್ದುಗೆಯ ಜೊತೆಗೇ ಮಗನ ಪಾಲಿಗೆ ಬಂದಿತ್ತು. ಇವರು ಬುರುಜನ್ನು ಆಳೆತ್ತರ ಏರಿಸಿದರೆ ಅವರು ಎರಡಾಳೆತ್ತರ ಏರಿಸುವರು. ಇವರು ಫಿರಂಗಿ ತಂದರೆ ಅವರು ಅದಕ್ಕಿಂತ ದೊಡ್ಡದನ್ನು ಎರಕ ಹೊಯ್ಯಿಸುವರು. ಅದು ಮೊದಲ ಸಲ ಹಾರಿದಾಗ ಅವರದೇ ಹೆಬ್ಬಾಗಿಲು ಮುರಿದದ್ದು ಬೇರೆ ಮಾತು. ಇವರು ಹೆದರಿ ಗೋಡೆ ಕಟ್ಟಿದರೆ ಅದು ಅವರಿಗೆ ಬೆದರಿಕೆಯಾಗಿ ಕಾಣುತ್ತಿತ್ತು, ಅವರು ಹೆದರಿ ಕತ್ತಿ ಮಸೆದರೆ ಇವರಿಗೆ. ಕಡೆಗೆ ಎರಡೂ ಕಡೆಯವರು ಅಕ್ಕಪಕ್ಕದ ಎರಡೆರಡು ಪಾಳೆಯಪಟ್ಟುಗಳನ್ನು ತಮ್ಮ ತಮ್ಮ ಬೆನ್ನಿಗೆ ಕಟ್ಟಿಕೊಂಡರು.

ಅಂಥ ಒಪ್ಪಂದಕ್ಕೆ ಒಂದು ಗುರುತು ಬೇಕಲ್ಲ? ಸೂರ್ಯ ಮೂಡಿದ ಕೂಡಲೇ ಕೋಟೆಯ ಮೇಲೆ ನಗಾರಿ ಬಾರಿಸುವುದು ಆ ಸೀಮೆಯ ವಾಡಿಕೆ. ಹೊತ್ತು ನೆತ್ತಿಗೇರಿದರೂ ಬೆಳಗಿನ ನಗಾರಿ ನಿಲ್ಲದಿದ್ದರೆ ನಮಗೆ ಆಪತ್ತು ಬಂದಿದೆಯೆಂದು ತಿಳಿದು ದಂಡು ಸಮೇತ ಬನ್ನಿ ಎಂದು ಅಂಕಲದುರ್ಗದವರು ತಮ್ಮ ಮಿತ್ರರಿಗೆ ಗುಟ್ಟಾಗಿ ಹೇಳಿದರು. ಮರಡಿಕೋಟೆಯ ಬೇಹುಗಾರರು ಈ ಗುಟ್ಟನ್ನು ಕದ್ದೊಯ್ದರು. ಅದು ಅಲ್ಲಿಯವರಿಗೆ ಎಷ್ಟು ಹಿಡಿಸಿತೆಂದರೆ, ಅಕ್ಷರವೂ ಬದಲಿಸದೆ ತಮ್ಮ ಮಿತ್ರರಿಗೂ ಅದನ್ನೇ ಹೇಳಿದರು.

ಕೆಂಚನಾಯಕ ಗದ್ದುಗೆಯೇರಿದ ವರ್ಷದ ಆಯುಧಪೂಜೆಯ ಬೆಳಿಗ್ಗೆ ಓಲಗದಲ್ಲಿ ಯಾರೋ ಒಬ್ಬ ಹೊಗಳುಭಟ್ಟ ನಿಟ್ಟುಸಿರುಬಿಟ್ಟು, "ದಿನವೂ ನಮ್ಮ ನಗಾರಿಯೇ ಮೊದಲು ನಿಲ್ಲುತ್ತದೆ ಪ್ರಭು. ಕೊನೆಯ ಪೆಟ್ಟು ಯಾವಾಗಲೂ ಅವರದೇ" ಎಂದ. ಹುಡುಗನ ಮುಖ ಕೆಂಪೇರಿತು. ಅವರದು ನಿಲ್ಲುವ ತನಕ ನಮ್ಮದು ನಿಲ್ಲಕೂಡದು ಎಂದು ಅಪ್ಪಣೆಯಾಯಿತು. ಇಲ್ಲಿಯದು ನಿಲ್ಲದ್ದನ್ನು ಕೇಳಿ ಮರಡಿಕೋಟೆಯ ಬಸವಂತನಾಯಕನೂ ಅದೇ ಅಪ್ಪಣೆ ಕೊಡಿಸಿದ. ಹೊತ್ತು ಏರುತ್ತ ಹೋಯಿತು. ಊಟಕ್ಕೆ ಕುಳಿತಿದ್ದ ನಾಗತಿಗೆ ಗುಟ್ಟಿನ ಗುರುತು ಫಕ್ಕನೆ ನೆನಪಾಗಿ, ಕೈಯಲ್ಲಿದ್ದ ತುತ್ತು ಬಿಟ್ಟು ಓಡಿ ಬಂದಳು.

"ಕೆಂಚಾ, ಹೊತ್ತು ನೆತ್ತಿಗೆ ಬಂತು. ನಗಾರಿ ನಿಲ್ಲಿಸಪ್ಪ."

"ಅವರು ನಿಲ್ಲಿಸಲಿ ಅವ್ವಾ. ಅವರ ಕೈಗೇನು ಲಕ್ವ ಹೊಡೆದಿದೆಯೇ?"

"ಲಕ್ವ ಹೊಡೆದಿದ್ದರೆ ಇಷ್ಟು ಹೊತ್ತಿಗೆ ನಿಲ್ಲುತ್ತಿತ್ತಲ್ಲೋ!"

ಮಗ ನಗಲಿಲ್ಲ, ನಿಲ್ಲಿಸಲೂ ಇಲ್ಲ. ಮಾರನೆಯ ದಿನದ ಹೊತ್ತಿಗೆ ದಿಕ್ಕು ದಿಕ್ಕಿನಿಂದ ಧೂಳೆದ್ದಿತು. ನಾಲ್ಕೂ ಮಿತ್ರರು ಕೊಟ್ಟ ಮಾತಿನಂತೆ ದಂಡು ತಂದಿದ್ದರು. ಅವರ ಮಿತ್ರರನ್ನು ಕಂಡು ಇವರು, ಇವರ ಮಿತ್ರರನ್ನು ಕಂಡು ಅವರು, ಓಹೋ ಯುದ್ಧಕ್ಕೆ ಮೊದಲೇ ಸಂಚು ನಡೆದಿದೆ ಎಂದುಕೊಂಡರು. ಯಾರಿಗೂ ಬೇಡವಾಗಿದ್ದ ಯುದ್ಧಕ್ಕೆ ಆರು ದಂಡುಗಳು ಬಯಲಲ್ಲಿ ಎದುರುಬದುರು ನಿಂತವು. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಮರ್ಯಾದೆಯಲ್ಲ ಎನ್ನುವವರೂ ಇದ್ದರು. ಆ ಕಡೆಯಿಂದ ಹಾರಿದ ಒಂದು ಬಾಣ ಮುಂಚೂಣಿಯಲ್ಲಿದ್ದ ಕೆಂಚನಾಯಕನ ರುಮಾಲಿನ ತುರಾಯಿಯನ್ನು ಕಿತ್ತೊಯ್ದಿತು. ಬುರುಜಿನ ಮೇಲಿಂದ ನಾಗತಿ ಅದನ್ನು ಕಂಡಳು. ಇನ್ನೊಂದು ಗೇಣು ಕೆಳಗೆ ಬಂದಿದ್ದರೆ ಅವಳಿಗಿದ್ದ ಒಬ್ಬನೇ ಮಗ ಇರುತ್ತಿರಲಿಲ್ಲ. ಆದರೆ ತಾನು ಹೋಗಿ ನಗಾರಿ ನಿಲ್ಲಿಸಿದರೆ ಅಂಕಲದುರ್ಗ ಸೋತಿತೆಂದಾಗುತ್ತದೆ. ಆ ಸೋಲನ್ನು ತೊಳೆಯಲು ಹುಡುಗ ಕತ್ತಿ ಹಿರಿದು ಮುನ್ನುಗ್ಗುವುದು ಖಂಡಿತ. ಹಾಗಾಗಿ ಅವಳು ಬಿಳಿ ಬಟ್ಟೆ ಹಿಡಿಸಿಕೊಂಡು, ನಗಾರಿಯ ಕೋಲನ್ನು ಬೇರೊಬ್ಬನಿಗೆ ಕೊಡಿಸಿ, ಅದನ್ನು ಬಾರಿಸುತ್ತಿದ್ದ ಗಾದಿಲಿಂಗನನ್ನು ಕರೆದುಕೊಂಡು, ನಡುವಿನ ದಿಣ್ಣೆಗೆ ನಡೆದಳು.

ಬಸವಂತನಾಯಕ ಶ್ವೇತಛತ್ರ ಹಿಡಿಸಿಕೊಂಡು ಏದುಸಿರು ಬಿಡುತ್ತ ದಿಣ್ಣೆ ಹತ್ತಿ ಬಂದ. "ಏನು ನಾಗತಿಯವರೇ, ಸೋಲೊಪ್ಪೋಕೆ ಬಂದಿರೋ?"

"ಒಪ್ಪುತ್ತಿದ್ದೆ ಅಣ್ಣಯ್ಯ. ಆದರೆ ನಿಮ್ಮ ನಗಾರಿಯವನ ಮೇಲೆ ನಂಬಿಕೆಯಿಲ್ಲ. ಇಬ್ಬರೂ ಒಟ್ಟಿಗೆ ನಿಲ್ಲಿಸೋಣ ಎಂದರೆ ಅವನು ಕದ್ದು ಇನ್ನೊಂದು ಪೆಟ್ಟು ಹಾಕುತ್ತಾನೆ."

"ನಿಮ್ಮವನೇನು ಸುಮ್ಮನಿರೋ ಪೈಕಿಯೋ?"

"ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮವನು ನಮ್ಮ ನಗಾರಿಗೆ ಬರಲಿ, ನಮ್ಮವನು ನಿಮ್ಮದಕ್ಕೆ ಹೋಗಲಿ. ನಾನಿಲ್ಲಿ ಕೆಂಪು ಸೀರೆ ಬೀಸಿದಾಗ ಕೋಲು ಅವರ ಕೈಗೆ. ಯಾವ ಕೋಟೆಯ ನಗಾರಿ ಮೊದಲು ಸುಮ್ಮನಾಗುತ್ತದೋ ಆ ಕೋಟೆ ಸೋತಂತೆ."

ಬಸವಂತನಾಯಕ ಮೀಸೆ ತೀಡುತ್ತ ಯೋಚಿಸಿದ. ಇವಳ ನಗಾರಿ ತನ್ನವನ ಕೈಯಲ್ಲಿ! ಕೋಲು ಕೈಗೆ ಬಂದ ಕ್ಷಣವೇ ಅವನು ನಿಲ್ಲಿಸಿದರೆ ಇವಳು ಸೋತಳಲ್ಲ! ಅಡುಗೆಮನೆಯ ಬುದ್ಧಿ ಎಂದರೆ ಇದೇ ಎಂದು ಒಳಗೊಳಗೇ ನಕ್ಕು, ಅವಳು ಮಾತು ಬದಲಿಸುವ ಮೊದಲೇ ಕತ್ತಿ ಮುಟ್ಟಿ ಆಣೆಯಿಟ್ಟ. ಕೆಳಗೆ ಸುದ್ದಿ ಮುಟ್ಟಿದಾಗ ಕೆಂಚನಾಯಕನಿಗೂ ಅದೇ ಹೊಳೆಯಿತು. "ಮುದುಕ ಕೆಟ್ಟ ಕಣ್ರೋ!" ಎಂದು ತೊಡೆ ತಟ್ಟಿದ. ಬೊಬ್ಬೆಯೆದ್ದ ಅಂಗೈಗೆ ಅರಿವೆ ಸುತ್ತಿಕೊಂಡು ಹೊರಟ ಗಾದಿಲಿಂಗ ಮಾತ್ರ, "ಅವ್ವಾರೇ, ಅವರ ನಗಾರಿ ಎಷ್ಟು ಹೊತ್ತು ಬಾರಿಸಲಿ?" ಎಂದು ಕೇಳಿದ.

"ನಿನಗೆ ಮನಸ್ಸಿದ್ದಷ್ಟು ಹೊತ್ತು."

ಅವನು ತನ್ನ ಕೈ ನೋಡಿಕೊಂಡು ನಕ್ಕ.

ಅವರಿಬ್ಬರೂ ಎದುರು ಕೋಟೆಗಳನ್ನು ಸೇರಿದ ಮೇಲೆ ದಿಣ್ಣೆಯ ಮೇಲೆ ಕೆಂಪು ಸೀರೆ ಹಾರಿತು. ಕೋಲುಗಳು ಕೈ ಬದಲಿಸಿದವು. ಅಲ್ಲಿ ಗಾದಿಲಿಂಗನೂ ಒಂದು ಪೆಟ್ಟು ಹಾಕಲಿಲ್ಲ, ಇಲ್ಲಿ ಮರಡಿಕೋಟೆಯವನೂ ಹಾಕಲಿಲ್ಲ. ಎರಡು ನಗಾರಿಗಳೂ ಒಂದೇ ಕ್ಷಣದಲ್ಲಿ ಸುಮ್ಮನಾದವು. ಆ ಗದ್ದಲಕ್ಕೇ ಒಗ್ಗಿ ಮಲಗಿದ್ದ ಕೂಸುಗಳು ಬೆಚ್ಚಿ ಎದ್ದು ಅತ್ತವಂತೆ. ಯಾರೋ ಒಬ್ಬ ಸೀನಿದ್ದು ಆರು ದಂಡಿಗೂ ಕೇಳಿಸಿತಂತೆ. ಮರುಕ್ಷಣವೇ ಎರಡೂ ಕಡೆಯಿಂದ "ಗೆದ್ದೆವು!" ಎಂಬ ಕೂಗು ಮುಗಿಲು ಮುಟ್ಟಿತು. ರುಮಾಲುಗಳು ಹಾರಿದವು, ಕಹಳೆಗಳು ಮೊಳಗಿದವು. ಮಿತ್ರರ ದಂಡುಗಳು ಗೆದ್ದವರ ಕಡೆಯವರೆಂದು ಬೀಗಿದವು. ಗೆದ್ದಾದ ಮೇಲೆ ಇನ್ಯಾತಕ್ಕೆ ಕಾದಾಡುವುದು? ಈಟಿಗಳನ್ನು ನೆಲಕ್ಕೆ ಚುಚ್ಚಿ, ಹಗ್ಗ ಕಟ್ಟಿ, ಬೆವರಿದ ಅಂಗಿ ಒಣಹಾಕಿದರು.

ಕೆಂಚನಾಯಕ ದಿಣ್ಣೆಗೆ ಓಡಿ ಬಂದ. "ಅವ್ವಾ, ಅವರೂ ಗೆದ್ದೆವು ಅಂತ ಕೂಗುತ್ತಿದ್ದಾರಲ್ಲ!"

"ಕೂಗಲಿ ಬಿಡೋ. ಗೆದ್ದವರು ಮನೆಗೆ ಹೋಗುತ್ತಾರೆ" ಎಂದು ನಾಗತಿ ಮಗನ ನೆತ್ತಿ ಸವರಿದಳು. ಪಕ್ಕದಲ್ಲಿ ನಿಂತಿದ್ದ ಬಸವಂತನಾಯಕ ಒಮ್ಮೆ ಅವಳನ್ನೂ ಒಮ್ಮೆ ತನ್ನ ದಂಡನ್ನೂ ನೋಡಿದ. ಅವನ ಹೊಟ್ಟೆ ನಿಧಾನವಾಗಿ ಕುಲುಕತೊಡಗಿತು. ಛತ್ರ ಹಿಡಿದವನು ಗಾಬರಿಯಾಗುವಷ್ಟು ಹೊತ್ತು ನಕ್ಕನಂತೆ.

ದಿಣ್ಣೆಯ ನೆತ್ತಿಯಲ್ಲಿ ಈಗಲೂ ಎರಡು ವಿಜಯಸ್ತಂಭಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಪೂರ್ವದ ಕಡೆಯದರಲ್ಲಿ ಅಂಕಲದುರ್ಗದ ಜಯ, ಪಶ್ಚಿಮದ ಕಡೆಯದರಲ್ಲಿ ಮರಡಿಕೋಟೆಯ ಜಯ. ಹಳೆಯ ಕಲ್ಲುಗಳ ಗೀಳಿರುವವರು ಇವುಗಳ ಫೋಟೋ ತೆಗೆದ ಮೇಲೆ, ಇಂಥ ಯುದ್ಧಭೂಮಿಯಲ್ಲಿ ವೀರಗಲ್ಲುಗಳಿರಲೇಬೇಕೆಂದು ಬಿಸಿಲಲ್ಲಿ ಬಯಲೆಲ್ಲ ಸುತ್ತುತ್ತಾರೆ. ಸುತ್ತಲ ಸೀಮೆಯಲ್ಲಿ ಸತ್ತ ವೀರನ ಕಲ್ಲಿಲ್ಲದ ಊರಿಲ್ಲ. ಆರು ದಂಡು ನಿಂತಿದ್ದ ಈ ಬಯಲಲ್ಲಿ ಮಾತ್ರ ಅಂಥ ಒಂದು ಕಲ್ಲೂ ಇಲ್ಲ.