ಎಂಟುನೂರು ಕೊನೆಯ ಚಿತ್ರಗಳು

"ಗುರುಗಳೇ, ಕಂಪ್ಯೂಟರಿನ ಫೈಲುಗಳನ್ನು ತಾನಾಗಿಯೇ ವಿಂಗಡಿಸಿಡುವ ತಂತ್ರಾಂಶ ಬಂದಿದೆಯಂತೆ. ಚಿತ್ರ ಬರೆಯುವವರಿಗೆ ಅದರಿಂದ ಏನಾದರೂ ಉಪಯೋಗವಿದೆಯೇ?" ಎಂದು ವಸುಮತಿ ಕೇಳಿದಳು. ಮಕ್ಕಳ ಪುಸ್ತಕವೊಂದಕ್ಕೆ ಅವಳು ಎರಡು ವರ್ಷದಿಂದ ಚಿತ್ರ ಬರೆಯುತ್ತಿದ್ದಳು. ಎಲ್ಲ ಚೆಲ್ಲಾಪಿಲ್ಲಿಯಾಗಿದ್ದರೇ ಕಲೆ ಹುಟ್ಟುವುದು ಎಂದು ನಂಬಿದ್ದಳು. ಹಾಗಾಗಿ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಕುಹಕ ಹೆಚ್ಚಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಚಿತ್ರಗಾರನಿದ್ದ. ಅವನ ಕೈ ಚೆನ್ನಾಗಿತ್ತು. ಅದು ಅವನಿಗೂ ಗೊತ್ತಿತ್ತು. ದೋಣಿ ನಡೆಸುವ ಅಜ್ಜಿಯೊಬ್ಬಳ ಕತೆಗೆ ಹದಿನಾಲ್ಕು ಪುಟದ ಚಿತ್ರ ಬರೆದುಕೊಡಲು ಒಪ್ಪಿಕೊಂಡಿದ್ದ. ಒಂದು ಚಿತ್ರ ಆದೊಡನೆ ಪುಟದ ಸಂಖ್ಯೆ ಬರೆದು, ಮುಂದೆ ‘ಕೊನೆಯದು’ ಎಂದು ಹೆಸರಿಡುತ್ತಿದ್ದ. ಮರುದಿನ ಅಜ್ಜಿಯ ಮೂಗು ಸರಿಯಿಲ್ಲ ಅನ್ನಿಸುತ್ತಿತ್ತು. ತಿದ್ದಿ ‘ನಿಜವಾಗಿ ಕೊನೆಯದು’ ಎಂದು ಇಡುತ್ತಿದ್ದ. ಆಮೇಲೆ ‘ಕೊನೆಗೂ ಕೊನೆಯದು’. ಅದಾದ ಮೇಲೆ ‘ಇದೇ ಕೊನೆ, ಆಣೆ’. ಹೀಗೆ ಎಂಟುನೂರು ಫೈಲುಗಳಾದವು. ಮೊದಮೊದಲು ಬರೆದ ಅಜ್ಜಿಯ ಮುಖವೊಂದು ಬಹಳ ಚೆನ್ನಾಗಿ ಬಂದಿತ್ತು. ಅದು ಆ ರಾಶಿಯಲ್ಲಿ ಎಲ್ಲೋ ಹೂತುಹೋಗಿತ್ತು. ಬೆಳಗೆಲ್ಲ ಅದನ್ನೇ ಹುಡುಕುತ್ತಿದ್ದ. ಸಿಗದಿದ್ದರೆ ಹೊಸದನ್ನು ಶುರು ಮಾಡುತ್ತಿದ್ದ. ಕೇಳಿದವರಿಗೆ ಇದು ತಪಸ್ಸು ಎನ್ನುತ್ತಿದ್ದ.

ಪ್ರಕಾಶಕರ ಪತ್ರ ಬಂತು. ಹದಿನೈದು ದಿನದಲ್ಲಿ ಚಿತ್ರಗಳು ಬಾರದಿದ್ದರೆ ಕತೆಯನ್ನು ಬೇರೆಯವರಿಗೆ ಕೊಡುವುದಾಗಿ ಬರೆದಿದ್ದರು. ಆ ಅಜ್ಜಿಯನ್ನು ಇನ್ನೊಬ್ಬ ಬರೆಯುವುದನ್ನು ಚಿತ್ರಗಾರನಿಗೆ ಸಹಿಸಲಾಗಲಿಲ್ಲ. ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ ಗೆಳತಿಯನ್ನು ಕರೆಸಿದ. ಅವಳು ತಂತ್ರಾಂಶ ಹಾಕಿ ಅದಕ್ಕೆ ಎರಡು ನಿಯಮ ಕೊಟ್ಟಳು. ಒಂದೊಂದು ಪುಟದ ಚಿತ್ರಗಳು ಒಂದೊಂದು ಫೋಲ್ಡರಿಗೆ, ತಾರೀಖಿನ ಕ್ರಮದಲ್ಲಿ ಹೋಗಬೇಕು. ಕೊನೆಯದು ಎಂದ ಮೇಲೆ ಆ ಪುಟಕ್ಕೆ ಮತ್ತೆ ಕೈಹಾಕಿಲ್ಲವೆಂದಾದರೆ, ಆ ಚಿತ್ರ ‘ಮುಗಿದದ್ದು’ ಎಂಬ ಫೋಲ್ಡರಿಗೆ ಹೋಗಬೇಕು.

ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಎಂಟುನೂರೂ ತಮ್ಮ ತಮ್ಮ ಜಾಗ ಸೇರಿದವು. ‘ಮುಗಿದದ್ದು’ ಮಾತ್ರ ಖಾಲಿ ಇತ್ತು. ಪ್ರತಿ ಪುಟದಲ್ಲೂ ಕೊನೆಯದು ಎಂದಾದ ಮೇಲೆ ಮತ್ತೆ ಶುರು ಮಾಡಿ ಅರ್ಧಕ್ಕೆ ಬಿಟ್ಟ ಚಿತ್ರವೊಂದು ಇದ್ದೇ ಇತ್ತು.

"ನಿನ್ನ ತಂತ್ರಾಂಶ ಕೆಟ್ಟಿದೆ" ಎಂದ ಚಿತ್ರಗಾರ.

"ಅದು ಸರಿಯಾಗಿಯೇ ಇದೆ ಮಾರಾಯ. ನೀನು ಮುಗಿಸಿದ್ದು ಒಂದನ್ನಾದರೂ ತೋರಿಸು, ನಾನೇ ಕೈಯಾರೆ ಹಾಕುತ್ತೇನೆ."

ತೋರಿಸಿಯೇ ಬಿಡುತ್ತೇನೆಂದು ಅವನು ಮೊದಲ ಪುಟದ ಫೋಲ್ಡರು ತೆರೆದ. ಅರವತ್ತೊಂದು ಅಜ್ಜಿಯರು ಸಾಲಾಗಿ ಕೂತಿದ್ದರು. ಒಂಬತ್ತನೆಯವಳು ಅವನು ಹುಡುಕುತ್ತಿದ್ದವಳು. ಅಲ್ಲಿಂದ ಮುಂದಿನ ಐವತ್ತೆರಡರಲ್ಲೂ ಅವನು ಅವಳನ್ನು ಕೆಡಿಸುತ್ತಲೇ ಹೋಗಿದ್ದ. ಸಾಲಾಗಿ ಇಟ್ಟಾಗ ಅದು ಯಾರಿಗೂ ಕಾಣುವಂತಿತ್ತು. ಅವನಿಗೂ ಕಂಡಿತು.

ಒಂಬತ್ತನೆಯದನ್ನು ಅವನೇ ಎತ್ತಿ ‘ಮುಗಿದದ್ದು’ ಫೋಲ್ಡರಿಗೆ ಹಾಕಿದ. ಮರುದಿನ ಬೆಳಿಗ್ಗೆ ಹುಡುಕಲು ಏನೂ ಇರಲಿಲ್ಲ. ಬೇರೆ ದಾರಿಯಿಲ್ಲದೆ ಚಿತ್ರ ಬರೆದ. ಆ ಮುಖವನ್ನೇ ಮುಂದಿಟ್ಟುಕೊಂಡು ದಿನಕ್ಕೊಂದು ಪುಟದಂತೆ ಹದಿಮೂರು ದಿನ ಬರೆದ. ಒಂದೊಂದು ಮುಗಿದಾಗಲೂ ತಂತ್ರಾಂಶ ಹೊಗಳದೆ, ಹೀಗಳೆಯದೆ ಅದನ್ನು ಒಳಗೆ ಸೇರಿಸಿತು. ಹದಿನಾಲ್ಕನೆಯದು ಸೇರಿದ ದಿನ ಅವನು ಬೀದಿಗಿಳಿದು ಎದುರು ಸಿಕ್ಕವರಿಗೆಲ್ಲ ಮುಗಿಯಿತು, ಮುಗಿಯಿತು ಎಂದು ಹೇಳಿಕೊಂಡು ಹೋದ. ಯಾರಿಗೂ ಏನೂ ಅರ್ಥವಾಗಲಿಲ್ಲ. ಅವನಿಗೆ ಅದರ ಚಿಂತೆಯೂ ಇರಲಿಲ್ಲ. ಪುಸ್ತಕ ಅದೇ ವರ್ಷ ಮೂರು ಸಲ ಅಚ್ಚಾಯಿತು. ಊರಿನ ಗ್ರಂಥಾಲಯದ ಪ್ರತಿಯಲ್ಲಿ ಮೊದಲ ಪುಟದ ಅಜ್ಜಿಯ ಕೆನ್ನೆ ಮಕ್ಕಳು ಮುಟ್ಟಿ ಮುಟ್ಟಿಯೇ ಮಾಸಿಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ವಸುಮತಿಯ ಮಾತಿನಲ್ಲಿ ಈಗ ಕುಹಕ ಇರಲಿಲ್ಲ. ಬರೆದುಕೊಳ್ಳಲು ಪೆನ್ನು ತೆಗೆದು, ಆ ತಂತ್ರಾಂಶದ ಹೆಸರೇನು ಎಂದು ಕೇಳಿದಳು.

"ಹೆಸರು ಆಮೇಲೆ ಹೇಳುತ್ತೇನಮ್ಮಾ, ನಿನ್ನ ಎರಡು ವರ್ಷದಲ್ಲಿ ‘ಮುಗಿದದ್ದು’ ಫೋಲ್ಡರಿಗೆ ಎಷ್ಟು ಚಿತ್ರ ಹೋಗುತ್ತವೆ, ಅದನ್ನು ಮೊದಲು ಹೇಳು."